ನಮಗೆ ಸಕ್ರಮ, ಪರರಿಗೆ ಗಡೀಪಾರು

ಕಾಗದಪತ್ರಗಳಿಲ್ಲದೆ ಗಡಿಯನ್ನು ದಾಟಿ ಬಂದವನು ಬಂದ ಕ್ಷಣದಿಂದಲೇ ಅಪರಾಧಿ, ಅವನ ಇರವೇ ದೇಶಕ್ಕೊಂದು ಭಾರ, ಅವನನ್ನು ಹುಡುಕಿ ಹಿಡಿದು ಹೊರಗಟ್ಟುವುದರ ಹೊರತು ರಾಜ್ಯಕ್ಕೆ ಬೇರೆ ಕರ್ತವ್ಯವಿಲ್ಲ ಎಂಬ ಅಭಿಪ್ರಾಯವು ಈಗ ನಮ್ಮ ನಾಡಿನಲ್ಲಿ ವಾದದ ಅವಶ್ಯಕತೆಯೇ ಇಲ್ಲದ ಸ್ವತಃಸಿದ್ಧ ಸತ್ಯವೆಂಬಂತೆ ಸಂಚರಿಸುತ್ತಿದೆ. ಶಾಸನಸಭೆಯಲ್ಲಿ ಕುಳಿತವರಿಂದ ಮೊದಲ್ಗೊಂಡು ಬಸ್ ನಿಲ್ದಾಣದ ಹೋಟೆಲಿನಲ್ಲಿ ಪತ್ರಿಕೆ ತಿರುವಿಹಾಕುವವರವರೆಗೆ ಪಕ್ಷಭೇದವಿಲ್ಲದೆ ಜನ ಇದನ್ನು ಒಪ್ಪಿಕೊಂಡಂತಿದೆ. ‘ನುಸುಳುಕೋರ’ ಎಂದು ಒಮ್ಮೆ ಹೆಸರಿಟ್ಟುಬಿಟ್ಟರೆ ಮುಂದೆ ವಿಚಾರಣೆಯೂ ಬೇಡ, ಸಾಕ್ಷ್ಯವೂ ಬೇಡ, ದಯೆಯಂತೂ ಬೇಡವೇ ಬೇಡ. ಈ ಅಭಿಪ್ರಾಯ ತಪ್ಪೆಂದೂ, ಅನ್ಯಾಯವೆಂದೂ, ಅದಕ್ಕಿಂತ ಮಿಗಿಲಾಗಿ ನಮ್ಮದೇ ಸೀಮೆಯ ಅನುಭವಕ್ಕೆ ನೇರವಾಗಿ ವಿರುದ್ಧವೆಂದೂ ನಾನು ನಂಬಿದ್ದೇನೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳ ಎಲ್ಲೆಯನ್ನು ಬಹುಮಟ್ಟಿಗೆ ಮೀರದೆಯೇ ಇದನ್ನು ತೋರಿಸಿಕೊಡಬಹುದು.

1959ರ ಮಾರ್ಚ್ ತಿಂಗಳಲ್ಲಿ ದಲಾಯಿ ಲಾಮಾ ಅವರು ಲ್ಹಾಸಾ ನಗರವನ್ನು ತೊರೆದು ಭಾರತದ ಗಡಿಯನ್ನು ದಾಟಿದರು. ಅವರ ಬೆನ್ನಿಗೆ ಸಾವಿರ ಸಾವಿರ ಸಂಖ್ಯೆಯಲ್ಲಿ ಟಿಬೆಟಿನ ರೈತರು, ದನಗಾಹಿಗಳು, ಭಿಕ್ಷುಗಳು, ಎಳೆಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡ ತಾಯಂದಿರು ಹಿಮದ ಕಣಿವೆಗಳನ್ನು ಹಾದು ಬಂದರು. ಅವರ ಕೈಯಲ್ಲಿ ಪಾಸ್‌ಪೋರ್ಟ್ ಇರಲಿಲ್ಲ, ವೀಸಾ ಇರಲಿಲ್ಲ. ತಮ್ಮ ಹೆಸರು ಇಂಥದೆಂದು ಹೇಳಲು ತಮ್ಮ ನಾಲಗೆಯೊಂದನ್ನು ಬಿಟ್ಟರೆ ಬೇರೆ ದಾಖಲೆಯೂ ಇರಲಿಲ್ಲ. ಬಂದವರಲ್ಲಿ ಅನೇಕರು ಹಿಮಾಲಯದ ತಪ್ಪಲಿನಲ್ಲಿ ರಸ್ತೆಗಳಿಗೆ ಕಲ್ಲು ಒಡೆಯುತ್ತ ದಿನ ನೂಕುತ್ತಿದ್ದಾಗ, ನೆಹರೂ ಅವರು ಇವರಿಗೊಂದು ನೆಲೆಯನ್ನು ಕಲ್ಪಿಸಿಕೊಡಬೇಕೆಂದು ರಾಜ್ಯಗಳನ್ನು ಕೇಳಿಕೊಂಡರು. ಅಂದಿನ ಮೈಸೂರು ಸರ್ಕಾರ ಮುಂದೆ ಬಂದು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುನೆಲವನ್ನು ಬಿಟ್ಟುಕೊಟ್ಟಿತು. 1961ರಲ್ಲಿ ಅಲ್ಲಿ ಲುಗ್ಸುಂಗ್ ಸಾಮ್‌ಡುಪ್ಲಿಂಗ್ ಎಂಬ ಮೊದಲ ವಸತಿ ಆರಂಭವಾಯಿತು. 1969ರಲ್ಲಿ ಅದರ ಪಕ್ಕದಲ್ಲಿ ಇನ್ನೊಂದು. 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಮತ್ತೊಂದು.

ಆ ಮೊದಲ ವರ್ಷಗಳ ಕಷ್ಟ ಅಲ್ಪವಾದದ್ದಲ್ಲ. ಚಳಿಯಲ್ಲಿ ಹುಟ್ಟಿ ಬೆಳೆದ ದೇಹಗಳು ಈ ಸೀಮೆಯ ಬೇಸಗೆಯನ್ನು ತಾಳಲಾರದೆ ಹೋದವು. ಬಟ್ಟೆಯ ಗುಡಾರಗಳಲ್ಲಿ, ಬಿದಿರಿನ ಗುಡಿಸಲುಗಳಲ್ಲಿ ವಾಸ. ಹಗಲು ಕಾಡು ಕಡಿದು ಸುಟ್ಟು ನೆಲ ಹದಮಾಡಿದರೆ ರಾತ್ರಿ ಆನೆಗಳು ಬಂದು ಪೈರನ್ನು ತುಳಿದುಹಾಕುತ್ತಿದ್ದವು. ಹಾಗೆ ಬಂದವರು ಮುಸುಕಿನ ಜೋಳ ಬಿತ್ತಿದರು, ಸಹಕಾರ ಸಂಘಗಳನ್ನು ಕಟ್ಟಿದರು, ಶಾಲೆ ಆಸ್ಪತ್ರೆಗಳನ್ನು ನಡೆಸಿದರು, ತಮ್ಮ ನಾಡಿನಲ್ಲಿ ಹಾಳಾದ ಸೆರಾ ಮಠವನ್ನು ಇಲ್ಲಿ ಮತ್ತೆ ನಿಲ್ಲಿಸಿದರು, ನಮ್‌ಡ್ರೋಲಿಂಗ್ ವಿಹಾರವನ್ನು ಎಬ್ಬಿಸಿದರು. ಇಂದು ಮಡಿಕೇರಿಗೆ ಹೋಗುವ ಪ್ರವಾಸಿಗ ಆ ವಿಹಾರದ ಸ್ವರ್ಣಮಂದಿರವನ್ನು ನೋಡದೆ ಮುಂದೆ ಸಾಗುವುದಿಲ್ಲ. ಚಳಿಗಾಲ ಬಂತೆಂದರೆ ಈ ಟಿಬೆಟಿಯನ್ನರು ಸ್ವೆಟರುಗಳ ಮೂಟೆ ಹೊತ್ತು ದೇಶದ ಊರೂರಿಗೆ ಹೊರಡುತ್ತಾರೆ. ಕುಶಾಲನಗರದ ತರಕಾರಿ ಅಂಗಡಿಯ ಮುಂದೆ, ಪಟ್ಟೆಪಟ್ಟೆಯ ಮೇಲುಡುಪನ್ನು ಸೊಂಟಕ್ಕೆ ಬಿಗಿದುಕೊಂಡ ಟಿಬೆಟಿನ ಮುದುಕಿಯೊಬ್ಬಳು ಎಡಗೈಯಲ್ಲಿ ಜಪಸರವನ್ನು ಸರಿಸುತ್ತ, ಬಲಗೈಯಲ್ಲಿ ಮೂಲಂಗಿಯ ಕಟ್ಟನ್ನು ಎತ್ತಿ ತೂಗಿ, “ಇದು ನಿನ್ನೇದು ಕಣಪ್ಪ, ಕಮ್ಮಿ ಮಾಡ್ಕೊ” ಎಂದು ನಮ್ಮ ಸೀಮೆಯ ಕನ್ನಡದಲ್ಲೇ ಚೌಕಾಸಿ ನಡೆಸುವುದನ್ನು ಕೇಳಿದವರಿಗೆ, ಪರದೇಶಿಯೆಂಬ ಭೇದ ಎಲ್ಲಿ ಕರಗಿತೆಂದು ಹೇಳಬರುವುದಿಲ್ಲ. ಸುತ್ತಣ ಹಳ್ಳಿಗಳ ನಮ್ಮ ಜನ ಆ ವಸತಿಗಳ ಹೊಲಗಳಲ್ಲಿ, ಹೋಟೆಲುಗಳಲ್ಲಿ, ಕಟ್ಟಡದ ಕೆಲಸಗಳಲ್ಲಿ ಸಂಬಳ ಎಣಿಸುತ್ತಿದ್ದಾರೆ. ಆ ದಾರಿಯ ಆಟೋಗಳು ಓಡುವುದೇ ಆ ವಸತಿಗಳಿಂದ. ಹೊಸ ಪೀಳಿಗೆಯ ಟಿಬೆಟಿಯನ್ನರು ಯೂರೋಪು, ಅಮೆರಿಕಗಳಿಗೆ ಹೊರಟುಹೋಗುತ್ತಿರುವುದರಿಂದ ಹಲವು ಮನೆಗಳಿಗೆ ಬೀಗ ಬಿದ್ದಿದೆ, ಹೊಲಗಳು ನಮ್ಮವರ ಗೇಣಿಗೆ ಬಂದಿವೆ. ಬಂದವರು ನೆಲವನ್ನೆಲ್ಲ ನುಂಗಿಬಿಡುತ್ತಾರೆಂಬ ಭಯಕ್ಕೆ ಬೈಲಕುಪ್ಪೆ ಕೊಟ್ಟ ಉತ್ತರವಿದು. ನಡುನಡುವೆ ಜಗಳಗಳು ಇರಲಿಲ್ಲವೆಂದಲ್ಲ. ಯಾವ ಎರಡು ಊರುಗಳ ನಡುವೆ ಜಗಳವಿಲ್ಲ?

ಇಲ್ಲಿ ಪ್ರತಿವಾದಿಗಳು ಒಂದು ಮಾತನ್ನು ತಪ್ಪದೆ ಎತ್ತುತ್ತಾರೆ: ಟಿಬೆಟಿಯನ್ನರನ್ನು ಸರ್ಕಾರವೇ ಬರಮಾಡಿಕೊಂಡಿತು, ಆದ್ದರಿಂದ ಅವರು ಸಕ್ರಮರು, ನಾವು ಹೇಳುತ್ತಿರುವುದು ಅಕ್ರಮವಾಗಿ ಬಂದವರನ್ನು ಕುರಿತು. ಈ ಮಾತಿನಿಂದ ಅವರು ತಮ್ಮ ವಾದವನ್ನು ತಾವೇ ಕೆಡವಿಕೊಳ್ಳುತ್ತಾರೆಂಬುದು ಅವರ ಗಮನಕ್ಕೆ ಬಂದಂತಿಲ್ಲ. ಗಡಿ ದಾಟಿದ ದಿನ ಟಿಬೆಟಿನ ದನಗಾಹಿಗೂ, ಇಂದು ಹೊಳೆ ದಾಟಿ ಬರುವ ಕೂಲಿಯವನಿಗೂ ಕಾಗದದ ವಿಷಯದಲ್ಲಿ ಎಳ್ಳಷ್ಟೂ ಅಂತರವಿರಲಿಲ್ಲ. ಅಂತರ ಉಂಟಾದದ್ದು ಆಮೇಲೆ, ಸರ್ಕಾರ ಬರೆದ ಒಂದು ಆದೇಶದಿಂದ. ಎಂದ ಮೇಲೆ ಅಕ್ರಮವೆಂಬುದು ಬಂದ ಮನುಷ್ಯನ ರಕ್ತದಲ್ಲಾಗಲಿ ನಡತೆಯಲ್ಲಾಗಲಿ ಅಂಟಿಕೊಂಡು ಬಂದ ದೋಷವಲ್ಲ. ರಾಜ್ಯವು ಕೊಡಬಹುದಾದ, ತೆಗೆಯಬಹುದಾದ ಒಂದು ಸ್ಥಿತಿ. ಆ ಸ್ಥಿತಿಯನ್ನು ನಿರ್ಣಯಿಸುವ ಗೆರೆಯಾದರೂ ಎಂಥದು? ನಮ್ಮ 1955ರ ಪೌರತ್ವ ಕಾಯಿದೆಯಂತೆ 1950ರ ಜನವರಿ 26ರಿಂದ ಮೊದಲ್ಗೊಂಡು 1987ರ ಜುಲೈ 1ಕ್ಕೆ ಮುಂಚೆ ಈ ನೆಲದಲ್ಲಿ ಹುಟ್ಟಿದವನು ಜನ್ಮದಿಂದಲೇ ಭಾರತೀಯ. ಟಿಬೆಟಿಯನ್ನರಿಗೂ ಇದು ಅನ್ವಯಿಸುತ್ತದೆಂದು 2010ರಲ್ಲಿ ದೆಹಲಿಯ ಹೈಕೋರ್ಟು, 2013ರಲ್ಲಿ ಕರ್ನಾಟಕದ ಹೈಕೋರ್ಟು ತೀರ್ಪಿತ್ತಿವೆ. ಬೈಲಕುಪ್ಪೆಯ ಒಂದು ಕೇರಿಯಲ್ಲಿ 1987ರ ಜೂನ್ 30ರಂದು ಹುಟ್ಟಿದ ಕೂಸು ಭಾರತೀಯ. ಮರುದಿನ ಪಕ್ಕದ ಮನೆಯಲ್ಲಿ, ಅದೇ ಸೂಲಗಿತ್ತಿಯ ಕೈಯಲ್ಲಿ, ನಿರಾಶ್ರಿತ ತಂದೆತಾಯಿಗಳಿಗೆ ಹುಟ್ಟಿದ ಕೂಸು ವಿದೇಶೀಯ. ಅಸ್ಸಾಮಿಗೆ ಬೇರೆ ತಾರೀಖು, 1971ರ ಮಾರ್ಚ್ 24. 2019ರ ತಿದ್ದುಪಡಿಗೆ ಮತ್ತೊಂದು ತಾರೀಖು, 2014ರ ಡಿಸೆಂಬರ್ 31. ಆಡಳಿತಕ್ಕೆ ಇಂಥ ತಾರೀಖುಗಳು ಬೇಕಾಗಬಹುದು. ಅವುಗಳ ಮೇಲೆ ಮನುಷ್ಯನ ಪುಣ್ಯಪಾಪಗಳನ್ನು ತೂಗುವುದು ಮಾತ್ರ ಅವಿವೇಕ.

‘ಕಾನೂನು ಕಾನೂನೇ, ಮುರಿದವನಿಗೆ ವಿನಾಯಿತಿ ಇಲ್ಲ’ ಎಂಬ ಘೋಷಣೆ ಈ ಸೀಮೆಯ ನಮ್ಮ ಬಾಯಿಂದ ಹೊರಡುವಾಗ ನಾಲಗೆ ಸ್ವಲ್ಪ ತಡವರಿಸಬೇಕು. ನಮ್ಮ ತಾಲ್ಲೂಕು ಕಚೇರಿಗಳ ಮುಂದೆ ಬಗರ್‌ಹುಕುಂ ಸಮಿತಿ ಕೂಡುವ ದಿನ ಹೋಗಿ ನೋಡಿರಿ. ಕಂಕುಳಲ್ಲಿ ಪ್ಲಾಸ್ಟಿಕ್ ಚೀಲವನ್ನು ಅವುಚಿಕೊಂಡು ಕುಳಿತ ರೈತ ಅದರೊಳಗಿಂದ ಒಂದೊಂದಾಗಿ ಬಿಚ್ಚಿ ತೋರಿಸುವುದು ಏನನ್ನು? ಮಡಿಕೆಯಲ್ಲಿ ಹರಿದು ಅಂಟಿಸಿದ ಟಿ.ಟಿ. ದಂಡದ ರಸೀದಿಗಳನ್ನು. ಸರ್ಕಾರದ ಗೋಮಾಳವನ್ನೋ ಖರಾಬನ್ನೋ ಅಪ್ಪಣೆಯಿಲ್ಲದೆ ಉತ್ತದ್ದಕ್ಕಾಗಿ ಅವನ ಅಪ್ಪ ತೆತ್ತ ದಂಡದ ರಸೀದಿ, ಮಗನ ಕೈಯಲ್ಲಿ ಆ ಭೂಮಿ ತನಗೆ ಸಲ್ಲತಕ್ಕದ್ದೆಂಬುದಕ್ಕೆ ಸಾಕ್ಷಿಯಾಗುತ್ತದೆ. ಅಂದರೆ, ಕಾನೂನನ್ನು ಬಹುಕಾಲ ಮುರಿದವನೆಂದು ತೋರಿಸಿಕೊಟ್ಟವನಿಗೇ ಕಾನೂನು ಸಾಗುವಳಿ ಚೀಟಿಯನ್ನು ಕೊಡುತ್ತದೆ. ಸಕ್ರಮ ಕೋರಿ ಸಲ್ಲಿಸುವ ಅರ್ಜಿಗಳ ನಮೂನೆ 50, ನಮೂನೆ 53, ಇವೆರಡಕ್ಕೂ 1990ರ ಏಪ್ರಿಲ್ 14 ಎಲ್ಲೆಯಾಗಿತ್ತು. 2018ರಲ್ಲಿ ಬಂದ ನಮೂನೆ 57 ಅದನ್ನು 2005ರ ಜನವರಿ 1ಕ್ಕೆ ತಂದಿತು. ಮನೆ ಕಟ್ಟಿಕೊಂಡವರಿಗೆ 94-ಸಿ ಕಲಮು. ನಾನು ಇದನ್ನು ಆಕ್ಷೇಪಿಸುತ್ತಿಲ್ಲ. ಭೂಮಿಯಿಲ್ಲದವನು ಹಸಿವಿನಿಂದ ಉತ್ತ ನೆಲವನ್ನು ಅವನ ಹೆಸರಿಗೆ ಬರೆದುಕೊಡುವುದು ರಾಜ್ಯದ ದೌರ್ಬಲ್ಯವಲ್ಲ, ವಿವೇಕ. ಅಕ್ರಮವನ್ನು ಸಕ್ರಮಗೊಳಿಸುವ ಈ ಪದ್ಧತಿ ಕನ್ನಡನಾಡಿನ ಸಾವಿರಾರು ಬಡ ಕುಟುಂಬಗಳನ್ನು ಉಳಿಸಿದೆ. ಹೊಗೆಸೊಪ್ಪಿನ ಮಾತೂ ಅಷ್ಟೆ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ತಂಬಾಕು ಮಂಡಳಿಯ ಕಾರ್ಡ್ ಇಲ್ಲದೆ ಬ್ಯಾರನ್ ಕಟ್ಟಿ ಸೊಪ್ಪು ಬೇಯಿಸಿದವರು ಎಷ್ಟು ಮಂದಿ! ಸುಗ್ಗಿ ಮುಗಿಯುವ ಹೊತ್ತಿಗೆ ಅವರ ಪರವಾಗಿ ಸಂಸದರು ದೆಹಲಿಗೆ ಹೋಗುತ್ತಾರೆ; ಕಾರ್ಡ್ ಇಲ್ಲದವರ ಸೊಪ್ಪನ್ನೂ ಹರಾಜು ಕಟ್ಟೆಯಲ್ಲಿ ಮಾರಲು ಅಪ್ಪಣೆಯಾಗುತ್ತದೆ, ದಂಡವೂ ಎಷ್ಟೋ ಸಲ ಮನ್ನಾ ಆಗಿದೆ. ನೆಲಕ್ಕೆ ಸಕ್ರಮವುಂಟು, ಮನೆಗೆ ಸಕ್ರಮವುಂಟು, ಸೊಪ್ಪಿಗೂ ಸಕ್ರಮವುಂಟು. ಇಪ್ಪತ್ತು ವರ್ಷ ನಮ್ಮ ನಡುವೆ ದುಡಿದು ಬಾಳಿದ ಮನುಷ್ಯನೊಬ್ಬನಿಗೆ ಮಾತ್ರ ಅದು ಏಕಿಲ್ಲವೆಂಬ ಪ್ರಶ್ನೆಗೆ ಗಡೀಪಾರಿನ ಪಕ್ಷದವರಿಂದ ನನಗೆ ಈವರೆಗೆ ಉತ್ತರ ಸಿಕ್ಕಿಲ್ಲ.

ಕದಲದೆ ಇದ್ದವರನ್ನೂ ಗೆರೆಯೊಂದು ಅಕ್ರಮವಾಸಿಗಳನ್ನಾಗಿ ಮಾಡಬಲ್ಲುದೆಂಬುದಕ್ಕೆ ನಾಗರಹೊಳೆಗಿಂತ ಹತ್ತಿರದ ನಿದರ್ಶನ ಬೇಕಿಲ್ಲ. 1955ರಲ್ಲಿ ಅದು ಅಭಯಾರಣ್ಯವಾಯಿತು, ಮುಂದೆ ರಾಷ್ಟ್ರೀಯ ಉದ್ಯಾನ, 1999ರಲ್ಲಿ ಹುಲಿ ಸಂರಕ್ಷಿತ ಪ್ರದೇಶ. ಕಾಗದದ ಮೇಲೆ ಹೆಸರು ಬದಲಾದಂತೆಲ್ಲ ತಲೆತಲಾಂತರದಿಂದ ಅಲ್ಲಿ ಜೇನು ಇಳಿಸಿ, ಗೆಣಸು ಅಗೆದು, ತಮ್ಮ ದೇವರ ಗುಡಿಗಳಿಗೆ ನಡೆದುಕೊಂಡಿದ್ದ ಜೇನುಕುರುಬರೂ ಬೆಟ್ಟಕುರುಬರೂ ಯರವರೂ ತಾವಿದ್ದ ಹಾಡಿಯಲ್ಲೇ ಒತ್ತುವರಿದಾರರಾದರು. ಅವರು ಯಾವ ಗಡಿಯನ್ನೂ ದಾಟಿರಲಿಲ್ಲ. ಗಡಿಯೇ ಬಂದು ಅವರನ್ನು ದಾಟಿತು. ಹೈಕೋರ್ಟಿನ ಆದೇಶದಂತೆ ರಚಿತವಾಗಿ ಪ್ರೊ. ಮುಜಾಫರ್ ಅಸ್ಸಾದಿ ಅವರ ನೇತೃತ್ವದಲ್ಲಿ ವಿಚಾರಣೆ ನಡೆಸಿದ ಸಮಿತಿ 2014ರಲ್ಲಿ ಸಲ್ಲಿಸಿದ ವರದಿಯಲ್ಲಿ ಹೀಗೆ ನೆಲೆ ತಪ್ಪಿದ 3,418 ಕುಟುಂಬಗಳನ್ನು ಗುರುತಿಸಿದೆ. ಅರಣ್ಯಹಕ್ಕು ಕಾಯಿದೆ ಬಂದು ಇಷ್ಟು ಕಾಲವಾದರೂ ‘ನೀನು ಇಲ್ಲಿಯವನೆಂಬುದಕ್ಕೆ ಆಧಾರ ಕೊಡು’ ಎಂದು ಅವರನ್ನು ಕೇಳುವುದು ನಿಂತಿಲ್ಲ. 2025ರ ಮೇ ತಿಂಗಳಲ್ಲಿ ಐವತ್ತೆರಡು ಜೇನುಕುರುಬ ಕುಟುಂಬಗಳು ಕರಡಿಕಲ್ಲು ಅತ್ತೂರುಕೊಲ್ಲಿಯ ತಮ್ಮ ಹಿರಿಯರ ಹಾಡಿಗೆ ಹಿಂದಿರುಗಿ ಗುಡಿಸಲು ಹಾಕಿಕೊಂಡಾಗ ಅವರ ಮೇಲೆ ಬಿದ್ದ ಆಪಾದನೆಯೂ ಅಕ್ರಮ ಪ್ರವೇಶವೆಂಬುದೇ. ಕಾಗದವೊಂದೇ ಪ್ರಮಾಣವೆಂದು ಒಪ್ಪಿದ ದಿನ ಈ ಮಣ್ಣಿನ ಮೊಟ್ಟಮೊದಲ ಮಕ್ಕಳೇ ಮೊಟ್ಟಮೊದಲ ನುಸುಳುಕೋರರಾಗುತ್ತಾರೆ.

ಇದು ಕಾಡಿನ ಮಾತಾಯಿತು. ನಗರದಲ್ಲಿ ನಡೆದದ್ದನ್ನೂ ನೆನೆಯಬೇಕು. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶೀಯರು ನೆಲೆಸಿದ್ದಾರೆಂಬ ನೆಪ ಹೇಳಿ ಕೂಲಿಕಾರರ ನೂರಾರು ಗುಡಿಸಲುಗಳನ್ನು ಯಂತ್ರ ತಂದು ನೆಲಸಮ ಮಾಡಿದರು. ಮುರಿದ ತಗಡುಗಳ ನಡುವೆ ನಿಂತು ಆಧಾರ್ ಚೀಟಿಯನ್ನೂ ಮತದಾರರ ಚೀಟಿಯನ್ನೂ ಎತ್ತಿ ಹಿಡಿದವರಲ್ಲಿ ಅಸ್ಸಾಮಿನವರೂ ತ್ರಿಪುರಾದವರೂ ಇದ್ದರು, ನಮ್ಮದೇ ಉತ್ತರ ಕರ್ನಾಟಕದಿಂದ ಗುಳೆ ಬಂದವರೂ ಇದ್ದರು. ಹೈಕೋರ್ಟು ಆ ಕೃತ್ಯವನ್ನು ಆಕ್ಷೇಪಿಸಿ ಸಂತ್ರಸ್ತರ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿತು. ಆದರೆ ಒಡೆದ ಮಡಕೆಯನ್ನು ಯಾವ ತೀರ್ಪೂ ಕೂಡಿಸಿಕೊಡಲಾರದು. ಅಸ್ಸಾಮಿನಲ್ಲಿ ಇಡೀ ರಾಜ್ಯದ ಜನರನ್ನೇ ಸಾಲಿನಲ್ಲಿ ನಿಲ್ಲಿಸಿ ಕಾಗದ ಕೇಳಿದರು, 3.30 ಕೋಟಿ ಜನ ಅರ್ಜಿ ಹಾಕಿ, ಅಜ್ಜನ ಹೆಸರಿನ ಒಂದು ಅಕ್ಷರದ ವ್ಯತ್ಯಾಸಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದು, ಕೊನೆಗೆ 2019ರ ಆಗಸ್ಟ್ 31ರಂದು ಪ್ರಕಟವಾದ ಪೌರತ್ವದ ಪಟ್ಟಿಯಿಂದ (ಎನ್.ಆರ್.ಸಿ.) 19,06,657 ಮಂದಿ ಹೊರಗುಳಿದರು. ಪಟ್ಟಿಯನ್ನು ಬೇಡಿದವರಿಗೂ ಅದು ತೃಪ್ತಿ ಕೊಡಲಿಲ್ಲ. ನಮ್ಮ ಹೆಗ್ಗಡದೇವನಕೋಟೆಯ ಹಾಡಿಗಳಲ್ಲಿ ಅಂಥದೊಂದು ಪರೀಕ್ಷೆ ನಡೆದರೆ ಜನನಪತ್ರ ತೋರಿಸಬಲ್ಲ ಹಿರಿಯರು ಎಷ್ಟು ಮಂದಿ ದೊರೆತಾರು?

ಹೊರಗಿನವರು ಬಂದು ನಮ್ಮವರ ಕೂಲಿಯನ್ನು ಕಸಿಯುತ್ತಾರೆಂಬ ವಾದ ಉಳಿದವುಗಳಿಗಿಂತ ಹೆಚ್ಚು ಗೌರವಕ್ಕೆ ಅರ್ಹವಾದದ್ದು, ಏಕೆಂದರೆ ಅದರ ಹಿಂದೆ ನಿಜವಾದ ಹಸಿವುಂಟು. ವಯನಾಡಿನಿಂದ ಬಂದವರು ನಮ್ಮ ತಾಲ್ಲೂಕುಗಳಲ್ಲಿ ಹೊಲಗಳನ್ನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುತ್ತಾರೆ. ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳಿಗೆ ಅಸ್ಸಾಮಿನ ಕೂಲಿಕಾರರು ಬಂದಿದ್ದಾರೆ. ಅದೇ ತೋಟಗಳಿಗೆ ನಮ್ಮ ಹಾಡಿಗಳ ಹೆಣ್ಣುಗಂಡುಗಳನ್ನು ಬೆಳಕು ಹರಿಯುವ ಮೊದಲೇ ಜೀಪುಗಳಲ್ಲಿ ತುಂಬಿಕೊಂಡು ಹೋಗುತ್ತಾರೆ. ಅಸ್ಸಾಮಿನವನನ್ನು ಓಡಿಸಿದರೆ ಹಾಡಿಯವನ ಕೂಲಿ ಏರುತ್ತದೆಂದು ಹೇಳುವವರು ಒಂದು ವಿಷಯವನ್ನು ಮುಚ್ಚಿಡುತ್ತಾರೆ: ಹೊರಗಿನವನು ಅಗ್ಗಕ್ಕೆ ದೊರೆಯುವುದು ಅವನು ಹೊರಗಿನವನೆಂಬುದರಿಂದಲ್ಲ, ಬಾಯಿಬಿಟ್ಟರೆ ಪೊಲೀಸರ ಪಾಲಾಗುತ್ತೇನೆಂಬ ಭಯದಿಂದ. ಸಂಬಳ ಕೊಡದೆ ಹೋದರೂ ಅವನು ದೂರು ಕೊಡಲಾರ. ಬಿದ್ದು ಕಾಲು ಮುರಿದರೂ ಪರಿಹಾರ ಕೇಳಲಾರ. ಆ ಭಯ ಮಾಲೀಕನ ಬಂಡವಾಳ. ಗಡೀಪಾರಿನ ಕೂಗು ಎಷ್ಟು ಜೋರಾದರೆ ಆ ಬಂಡವಾಳ ಅಷ್ಟು ಬೆಳೆಯುತ್ತದೆ, ನಮ್ಮವನ ಕೂಲಿ ಅಷ್ಟು ಇಳಿಯುತ್ತದೆ. ಇಬ್ಬರಿಗೂ ಒಂದೇ ಕನಿಷ್ಠ ವೇತನ, ಇಬ್ಬರಿಗೂ ದೂರು ಕೊಡುವ ಧೈರ್ಯ: ನಮ್ಮವನನ್ನು ಕಾಪಾಡುವ ಉಪಾಯ ಇದೊಂದೇ. ವಲಸೆ ಕಾರ್ಮಿಕರಿಗಾಗಿ 1979ರಲ್ಲೇ ಕಾಯಿದೆ ಮಾಡಿದ ದೇಶ ಅದನ್ನು ನೆಟ್ಟಗೆ ನಡೆಸಿದ್ದರೆ ಅರ್ಧ ಕೂಗು ಹುಟ್ಟುತ್ತಲೇ ಇರಲಿಲ್ಲ.

ಸುರಕ್ಷತೆಯ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ತನ್ನ ಎಲ್ಲೆಯೊಳಗೆ ಯಾರು ಇದ್ದಾರೆಂದು ತಿಳಿಯುವ ಹಕ್ಕು ಪ್ರತಿಯೊಂದು ರಾಜ್ಯಕ್ಕೂ ಉಂಟು. ಸುಳ್ಳು ದಾಖಲೆಗಳನ್ನು ಸೃಷ್ಟಿಸಿ ಮಾರುವವನೂ, ಹೆಣ್ಣುಮಕ್ಕಳನ್ನು ಸಾಗಿಸುವ ದಲ್ಲಾಳಿಯೂ ಕಠಿಣ ಶಿಕ್ಷೆಗೆ ಪಾತ್ರರು. 2005ರಲ್ಲಿ ಸುಪ್ರೀಂ ಕೋರ್ಟು ಅಸ್ಸಾಮಿನ ಪ್ರಕರಣವೊಂದರಲ್ಲಿ ಅಕ್ರಮ ವಲಸೆಯನ್ನು ಬಾಹ್ಯ ಆಕ್ರಮಣಕ್ಕೆ ಸಮನಾಗಿ ಕಂಡದ್ದನ್ನು ಪ್ರತಿವಾದಿಗಳು ಪದೇ ಪದೇ ಉದ್ಧರಿಸುತ್ತಾರೆ. ಅದೇ ನ್ಯಾಯಾಲಯ 1996ರಲ್ಲಿ ಚಕ್ಮಾ ಜನರ ಪ್ರಕರಣದಲ್ಲಿ, ಸಂವಿಧಾನದ 21ನೆಯ ವಿಧಿಯ ರಕ್ಷಣೆ ಪೌರನಿಗಷ್ಟೇ ಅಲ್ಲ, ಈ ನೆಲದಲ್ಲಿರುವ ಪ್ರತಿಯೊಬ್ಬ ವ್ಯಕ್ತಿಗೂ ಸಲ್ಲುತ್ತದೆಂದು ತೀರ್ಪಿತ್ತದ್ದನ್ನು ಮಾತ್ರ ಮರೆಯುತ್ತಾರೆ. ಇನ್ನು, ತಿಳಿಯುವುದಕ್ಕೂ ಅಟ್ಟುವುದಕ್ಕೂ ಇರುವ ವಿರೋಧವನ್ನು ಯೋಚಿಸಿರಿ. ಬೈಲಕುಪ್ಪೆಯ ಟಿಬೆಟಿಯನ್ನನಿಗೆ ಆರ್.ಸಿ. ಎಂಬ ನೋಂದಣಿ ಪತ್ರವಿದೆ. ಅದನ್ನು ಕಾಲಕಾಲಕ್ಕೆ ಪೊಲೀಸರ ಮುಂದೆ ಹಿಡಿದು ನವೀಕರಿಸಿಕೊಳ್ಳುತ್ತಾನೆ. ಅವನು ಎಲ್ಲಿದ್ದಾನೆ, ಏನು ಮಾಡುತ್ತಾನೆ ಎಂಬುದು ಸರ್ಕಾರಕ್ಕೆ ಗೊತ್ತು. ಅವನು ಕಚೇರಿಗೆ ತಾನಾಗಿ ಬರುವುದು ಅಲ್ಲಿಂದ ಮನೆಗೆ ಹಿಂದಿರುಗುತ್ತೇನೆಂಬ ಭರವಸೆಯಿರುವುದರಿಂದ. ಬಂದರೆ ಸೆರೆ, ಸಿಕ್ಕರೆ ಗಡೀಪಾರು ಎಂದಾದಲ್ಲಿ ಯಾರು ತಾನೇ ಬಂದಾರು? ಬೇಟೆಗೆ ಹೊರಟ ರಾಜ್ಯ ಕುರುಡಾಗುತ್ತದೆ.

ಆಶ್ರಯ ಬೇಡಿ ಬಂದವನಿಗೆ ಬಾಗಿಲು ತೆರೆಯುವುದು ಈ ನೆಲಕ್ಕೆ ನೆಹರೂ ಅವರ ಕಾಲದಲ್ಲಿ ಹೊಸದಾಗಿ ಬಂದ ಆಚಾರವೇನೂ ಅಲ್ಲ. ಚೋಳರಾಜನ ಭಯದಿಂದ ಶ್ರೀರಂಗವನ್ನು ಬಿಟ್ಟ ರಾಮಾನುಜಾಚಾರ್ಯರು ಕಾಡುಗಳನ್ನು ಹಾದು ಹೊಯ್ಸಳರ ರಾಜ್ಯವನ್ನು ಪ್ರವೇಶಿಸಿದಾಗ ದಾರಿಯಲ್ಲಿ ಅವರನ್ನು ಉಪಚರಿಸಿದವರು ಬೇಡರೆಂದು ಗುರುಪರಂಪರೆಯ ಕಥೆಗಳು ಹೇಳುತ್ತವೆ. ಅವರು ಕೆಲಕಾಲ ತಂಗಿದ ಊರು ಕೃಷ್ಣರಾಜನಗರದ ಸೀಮೆಗೆ ಸೇರಿದ ಸಾಲಿಗ್ರಾಮ. ಅವರ ಪಾದತೀರ್ಥದ ಕೊಳವನ್ನು ಇಂದಿಗೂ ಅಲ್ಲಿ ಪೂಜಿಸುತ್ತಾರೆ. ಬಂದವರಿಂದ ನಮ್ಮ ಸಂಸ್ಕೃತಿ ಕೆಡುತ್ತದೆಂದು ಮರುಗುವವರು, ಅಂದು ಆ ಪರದೇಶಿಯನ್ನು ಗಡಿಯಲ್ಲೇ ತಡೆದಿದ್ದರೆ ಮೇಲುಕೋಟೆ ಏನಾಗಿರುತ್ತಿತ್ತೆಂಬುದನ್ನು ಆಲೋಚಿಸಬೇಕು.

ನಮ್ಮವರೂ ಪರರ ನಾಡಿನಲ್ಲಿ ಪರದೇಶಿಗಳೇ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನ ತಾವು ಕಾಯಿಸಿದ ಗಿಡಮೂಲಿಕೆಯ ಕೇಶತೈಲವನ್ನು ಹೊತ್ತುಕೊಂಡು ಆಫ್ರಿಕದ ದೇಶದೇಶಗಳ ಬೀದಿಗಳಲ್ಲಿ ಮಾರುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಸೇನಾಪಡೆಗಳ ನಡುವೆ ಕಾಳಗ ಎದ್ದಾಗ ಅನ್ನ ನೀರಿಲ್ಲದೆ ಅಲ್ಲಿ ಸಿಕ್ಕಿಬಿದ್ದ ಕರ್ನಾಟಕದ ಹಕ್ಕಿಪಿಕ್ಕಿಗಳಲ್ಲಿ ಹುಣಸೂರಿನವರೂ ಇದ್ದರು. ಭಾರತ ಸರ್ಕಾರ ‘ಆಪರೇಷನ್ ಕಾವೇರಿ’ ನಡೆಸಿ ಹಡಗು ವಿಮಾನಗಳಲ್ಲಿ ತನ್ನ ಜನರನ್ನು ಕರೆತಂದಿತು. ಅಂದು ನಾವೆಲ್ಲ ಅವರ ಕ್ಷೇಮಕ್ಕಾಗಿ ತಳಮಳಿಸಿದೆವು. ಬೀದಿ ವ್ಯಾಪಾರಕ್ಕೆ ಪರದೇಶಕ್ಕೆ ಹೋದದ್ದೇಕೆಂದು ಯಾರೂ ಗದರಲಿಲ್ಲ. 2025ರ ಫೆಬ್ರವರಿ 5ರಂದು 104 ಭಾರತೀಯರನ್ನು ಕೈಕಾಲುಗಳಿಗೆ ಸಂಕೋಲೆ ಬಿಗಿದು ಅಮೆರಿಕದ ಸೇನಾವಿಮಾನ ಅಮೃತಸರದಲ್ಲಿ ತಂದಿಳಿಸಿದಾಗ ದೇಶದ ಮುಖ ಕೆಂಪಾಯಿತು. ಹೊಟ್ಟೆಪಾಡಿಗಾಗಿ ಗಡಿ ದಾಟಿದ ನಮ್ಮವನಿಗೆ ಸಂಕೋಲೆ ತೊಡಿಸುವುದು ಅವಮಾನವಾದರೆ, ಅದೇ ಕಾರಣಕ್ಕೆ ನಮ್ಮಲ್ಲಿಗೆ ಬಂದವನಿಗೆ ಅದು ನ್ಯಾಯವಾಗುವುದು ಹೇಗೆ?

ಆಗಬೇಕಾದದ್ದು ಕಷ್ಟಸಾಧ್ಯವೇನಲ್ಲ. ಬಂದವರನ್ನು ಹೆದರಿಸದೆ ನೋಂದಾಯಿಸಿಕೊಳ್ಳಬೇಕು; ಅವಧಿ ಗೊತ್ತುಮಾಡಿ ದುಡಿಯುವ ಪರವಾನಗಿ ಕೊಡಬೇಕು; ದೀರ್ಘಕಾಲ ನೆಲೆಸಿ ಇಲ್ಲೇ ಮಕ್ಕಳನ್ನು ಹೆತ್ತು ಬೆಳೆಸಿದವರಿಗೆ ಬಗರ್‌ಹುಕುಂ ರೈತನಿಗೆ ತೆರೆದಿರುವಂಥ ಒಂದು ಬಾಗಿಲನ್ನು ತೆರೆಯಬೇಕು; ಹೊರಕಳಿಸಲೇಬೇಕಾದವನನ್ನು ಕೂಡ ನ್ಯಾಯಾಧಿಕಾರಿಯ ಮುಂದೆ ವಕೀಲರ ಸಮೇತ ವಿಚಾರಣೆಯಾಗದೆ ಕದಲಿಸಬಾರದು. ಇದು ದೆಹಲಿಯಲ್ಲೂ ಬೆಂಗಳೂರಿನಲ್ಲೂ ಆಗಬೇಕಾದ ಕೆಲಸ. ಈ ನಾಲ್ಕು ತಾಲ್ಲೂಕುಗಳ ಓದುಗರು ಇಂದೇ ಮಾಡಬಹುದಾದ ಕೆಲಸವೊಂದುಂಟು. ಶುಂಠಿ ಹೊಲದ ಶೆಡ್ಡಿನ ಮುಂದೆಯೋ, ಕಟ್ಟಡ ಏಳುತ್ತಿರುವ ನಿವೇಶನದ ಮುಂದೆಯೋ ನಾಲ್ಕಾರು ಜನ ಗುಂಪುಕಟ್ಟಿಕೊಂಡು ಬಂದು, ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತ, ಪರಭಾಷೆಯ ಕೂಲಿಯವನನ್ನು ಕಾಗದ ತೋರಿಸೆಂದು ಗದರಿಸುವುದು ಈಗ ಅಲ್ಲಲ್ಲಿ ರೂಢಿಯಾಗುತ್ತಿದೆ. ಹಾಗೆ ಕೇಳುವ ಅಧಿಕಾರ ಆ ಗುಂಪಿಗಿಲ್ಲ. ಅಂಥ ಸಂದರ್ಭ ನಿಮ್ಮ ಊರಿನಲ್ಲಿ ಒದಗಿದರೆ ದಯವಿಟ್ಟು ಮುಂದೆ ಹೋಗಿ ಕೂಲಿಯವನ ಪಕ್ಕದಲ್ಲಿ ನಿಲ್ಲಿರಿ, ಪೊಲೀಸರನ್ನು ಕರೆಯಿರಿ, ಅವರು ಬರುವವರೆಗೆ ಅಲ್ಲಿಂದ ಕದಲಬೇಡಿರಿ.